ಯುನೋಸ್ ರೋಡ್‌ಸ್ಟರ್: ಜಪಾನಿನಿಂದ ಜರ್ಮನಿಗೆ ಹಳೇ ಕಾರು ತರಿಸುವುದು ಹೇಗೆ

ಹಳೇ ಜಪಾನಿ ಸ್ಪೋರ್ಟ್ಸ್ ಕಾರಿನ ಆಸೆ ಇರುವವರು ಮೊದಲು ಕೇಳುವುದು ಎಂಜಿನ್ ಬಗ್ಗೆ. ಎಷ್ಟು ಪವರ್, ಟರ್ಬೊ ಇದೆಯಾ, ಎಷ್ಟು ಓಡಿದೆ ಅಂತ. ನನ್ನ ಪ್ರಕಾರ ಅದು ಕೊನೆಗೆ ನೋಡಬೇಕಾದ ವಿಷಯ. ಮೊದಲು ಕಾಗದಪತ್ರ, ಆಮೇಲೆ ತುಕ್ಕು, ಆಮೇಲೆ ಎಂಜಿನ್. ಎಂಜಿನ್ ಬಿಚ್ಚಿ ಕಟ್ಟುವವರು ಸಿಗುತ್ತಾರೆ, ಸ್ಪೇರ್ ಪಾರ್ಟ್ಸೂ ಸಿಗುತ್ತವೆ. ಒಳಗಿಂದ ತುಕ್ಕು ಹಿಡಿದ ಬಾಡಿಯನ್ನು ಸರಿ ಮಾಡಿಸೋಕೆ ಹೋದರೆ ಕಾರಿನ ಬೆಲೆಗಿಂತ ಜಾಸ್ತಿ ಖರ್ಚಾದರೂ ಆಯಿತು.

ಇಲ್ಲಿ ಮಜ್ದಾ ಎಂಎಕ್ಸ್-5 ಮೊದಲ ತಲೆಮಾರನ್ನೇ ಇಟ್ಟುಕೊಂಡು ಹೇಳುತ್ತೇನೆ. 1989ರಲ್ಲಿ ಬಂದ ಕಾರು, ಜಪಾನಿನಲ್ಲಿ ಇದರ ಹೆಸರು ಯುನೋಸ್ ರೋಡ್‌ಸ್ಟರ್. 1.6 ಲೀಟರ್ ಎಂಜಿನ್, 120 ಹಾರ್ಸ್‌ಪವರ್, ತೂಕ ಒಂದು ಟನ್‌ಗಿಂತ ಕಡಿಮೆ. ಹಳೇ ಕಾರು ಮೊದಲ ಸಲ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ.

ಜಪಾನಿನಿಂದಲೇ ತರಿಸಬೇಕಾ? ಇದನ್ನು ಮೊದಲು ಯೋಚಿಸಿ. ಎಂಎಕ್ಸ್-5 ಯುರೋಪಿನಲ್ಲೂ ಎಡಗಡೆ ಸ್ಟೀರಿಂಗ್‌ನಲ್ಲಿ ಮಾರಾಟವಾಗಿದೆ, ಹತ್ತಿರದಲ್ಲೇ ಒಳ್ಳೆಯದೊಂದು ಸಿಕ್ಕರೆ ಅದನ್ನೇ ತಗೊಳ್ಳಿ. ಆದರೆ ಇಲ್ಲಿ ಜರ್ಮನಿಯಲ್ಲಿ ಚಳಿಗಾಲ ಬಂದರೆ ರಸ್ತೆಗೆ ಉಪ್ಪು ಹಾಕುತ್ತಾರೆ, ಅದು ಬಾಡಿಯನ್ನು ತಿಂದುಬಿಡುತ್ತದೆ. ಜಪಾನಿನ ಬಹಳ ಕಡೆ ಆ ಕಾಟ ಕಡಿಮೆ. ಉತ್ತರದ ಹೊಕ್ಕೈಡೊ, ತೊಹೊಕು ಇಂಥ ಕಡೆ ಹಿಮ ಜಾಸ್ತಿ, ಅಲ್ಲಿ ಓಡಿದ ಕಾರಾದರೆ ಎರಡು ಸಲ ಯೋಚಿಸಿ. ಜೊತೆಗೆ ಹಸಿರು ಬಣ್ಣ, ಕಂದು ಲೆದರ್ ಸೀಟು, ನಾರ್ಡಿ ಕಂಪನಿಯ ಮರದ ಸ್ಟೀರಿಂಗ್ ಇರುವ ವಿ ಸ್ಪೆಷಲ್ ಮಾಡೆಲ್ ಬೇಕು ಅಂದರೆ ಜಪಾನಿನಲ್ಲೇ ಹುಡುಕಬೇಕು. ನಿಸ್ಸಾನ್ ಸ್ಕೈಲೈನ್ ಆರ್32 ಜಿಟಿ-ಆರ್ ಆಸೆ ಇದ್ದರಂತೂ ಬೇರೆ ದಾರಿಯೇ ಇಲ್ಲ, ಜರ್ಮನಿಯಲ್ಲಿ ಅದನ್ನು ಕಂಪನಿ ಮಾರಲೇ ಇಲ್ಲ. ಬ್ರಿಟನ್ನಿನಿಂದ ತಂದರೆ ಸುಲಭ ಅಲ್ವಾ ಅನ್ನಬೇಡಿ. 2021ರಿಂದ ಅಲ್ಲಿಂದ ತಂದರೂ ಕಸ್ಟಮ್ಸ್ ಕಟ್ಟಬೇಕು, ಉಪ್ಪಿನ ಕಾಟವೂ ತಪ್ಪುವುದಿಲ್ಲ.

ಈಗ ದುಡ್ಡಿನ ಮಾತು. ಎಲ್ಲವೂ ನಿಂತಿರುವುದು 30 ವರ್ಷ ಅನ್ನುವ ಲೆಕ್ಕದ ಮೇಲೆ. ಸಾಮಾನ್ಯ ಕಾರಿಗೆ 10% ಸುಂಕ, ಅದರ ಮೇಲೆ ಜರ್ಮನಿಯಲ್ಲಿ 19% ವ್ಯಾಟ್. ಕಾರಿಗೆ 30 ವರ್ಷ ತುಂಬಿದ್ದು, ಆ ಮಾಡೆಲ್ ಈಗ ತಯಾರಾಗದೆ, ಚಾಸಿ, ಎಂಜಿನ್, ಬ್ರೇಕ್, ಸ್ಟೀರಿಂಗ್ ಎಲ್ಲ ಮೂಲದಲ್ಲಿ ಇದ್ದ ಹಾಗೇ ಇದ್ದರೆ ಅದನ್ನು ಕಸ್ಟಮ್ಸಿನ 9705 ಕೋಡ್‌ನಲ್ಲಿ ಸಂಗ್ರಹದ ವಸ್ತು ಅಂತ ತೋರಿಸಬಹುದು. ಆಗ ಸುಂಕ ಇಲ್ಲ, ವ್ಯಾಟ್ 7% ಮಾತ್ರ. ಸಾಗಣೆ ಸೇರಿ ಕಾರಿನ ಬೆಲೆ 15,000 ಯೂರೊ ಅಂದುಕೊಳ್ಳಿ. ಮೊದಲ ಲೆಕ್ಕದಲ್ಲಿ 1,500 ಸುಂಕ, 3,135 ವ್ಯಾಟ್, ಒಟ್ಟು 4,635. ಎರಡನೇ ಲೆಕ್ಕದಲ್ಲಿ 1,050. ಹಾಗಾಗಿ 30 ತುಂಬೋಕೆ ನಾಲ್ಕು ತಿಂಗಳು ಬಾಕಿ ಇರುವ ಕಾರನ್ನು ಅವಸರದಲ್ಲಿ ಹಡಗು ಹತ್ತಿಸಬೇಡಿ. ಜಪಾನ್ ಜೊತೆ 2019ರಿಂದ ವ್ಯಾಪಾರ ಒಪ್ಪಂದ ಇದೆ, ಅದರಲ್ಲಿ ಸುಂಕ ಇಳಿಯುತ್ತದೆ ನಿಜ, ಆದರೆ ಅದಕ್ಕೆ ಕಾರು ಜಪಾನಿನಲ್ಲೇ ತಯಾರಾದದ್ದು ಅನ್ನುವ ಅಧಿಕೃತ ಘೋಷಣೆ ಬೇಕು, ಇಷ್ಟು ಹಳೇ ಕಾರಿಗೆ ಅದನ್ನು ಕೊಡಿಸುವುದು ಕಷ್ಟ.

ಜಪಾನಿನ ಹರಾಜಿನಲ್ಲಿ ಹೊರಗಿನವರು ನೇರವಾಗಿ ಕೂಗುವ ಹಾಗಿಲ್ಲ, ಸದಸ್ಯತ್ವ ಇರುವ ಏಜೆಂಟ್ ಬೇಕು. ಪ್ರತಿ ಕಾರಿಗೂ ಒಂದು ಆಕ್ಷನ್ ಶೀಟ್, ಅಂದರೆ ಕಾರಿನ ಸ್ಥಿತಿ ಬರೆದ ಹರಾಜಿನ ಕಾಗದ, ಇರುತ್ತದೆ. ಅದನ್ನು ಓದೋಕೆ ಕಲಿಯಿರಿ, ಇದು ನಿಮ್ಮ ದುಡ್ಡು ಉಳಿಸುವ ವಿದ್ಯೆ. 4 ಅಥವಾ 4.5 ಗ್ರೇಡ್ ಒಳ್ಳೆಯದು, ಆರ್ ಅಂತ ಇದ್ದರೆ ಅಪಘಾತವಾಗಿ ರಿಪೇರಿಯಾದ ಕಾರು. ಕಾರಿನ ಚಿತ್ರದ ಮೇಲೆ ಅಕ್ಷರಗಳಿರುತ್ತವೆ. ಎ ಅಂದರೆ ಗೀರು, ಯು ಅಂದರೆ ತಗ್ಗು, ಡಬಲ್ ಎಕ್ಸ್ ಅಂದರೆ ಬದಲಾಯಿಸಿದ ಭಾಗ. ಗೀರು, ತಗ್ಗು ಎಷ್ಟಿದ್ದರೂ ಪರವಾಗಿಲ್ಲ. ಎಸ್ ಮತ್ತು ಸಿ ತುಕ್ಕಿನ ಗುರುತು, ಅವು ಕಂಡರೆ ಅಲ್ಲೇ ನಿಲ್ಲಿ. ಶೀಟಿನ ಕೆಳಗೆ ಪರೀಕ್ಷಕರು ಕೈಯಲ್ಲಿ ಬರೆದ ಟಿಪ್ಪಣಿ ಇರುತ್ತದಲ್ಲ, ಅದನ್ನು ಪೂರ್ತಿ ಅನುವಾದ ಮಾಡಿಸಿಕೊಳ್ಳದೆ ದುಡ್ಡು ಕಳಿಸಬೇಡಿ.

ಯುನೋಸ್‌ನಲ್ಲಿ ತುಕ್ಕು ಶುರುವಾಗುವುದು ಹಿಂದಿನ ಚಕ್ರದ ಮುಂದೆ, ಬಾಗಿಲ ಕೆಳಗಿನ ಉದ್ದನೆ ಭಾಗದಲ್ಲಿ. ಜರ್ಮನ್ನರು ಶ್ವೆಲ್ಲರ್ ಅನ್ನುತ್ತಾರೆ. ಬಟ್ಟೆಯ ಟಾಪಿನ, ಅಂದರೆ ಮಡಚುವ ಚಾವಣಿಯ, ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಎರಡೂ ಮೂಲೆಯಲ್ಲಿರುವ ತೂತುಗಳಿಂದ ಇಳಿದು ಕಾರಿನ ಅಡಿಯಲ್ಲಿ ಹೊರಗೆ ಹೋಗಬೇಕು. ಎಲೆ, ಧೂಳು ಕಟ್ಟಿಕೊಂಡರೆ ಅದೇ ನೀರು ಒಳಗೆ ನಿಂತು ಶ್ವೆಲ್ಲರನ್ನು ಒಳಗಿಂದ ಕೊಳೆಸುತ್ತದೆ, ಹೊರಗೆ ಬಣ್ಣ ಮಾತ್ರ ಫಳಫಳ ಅನ್ನುತ್ತಿರುತ್ತದೆ. ಕಾರು ಹತ್ತಿರದಲ್ಲಿದ್ದರೆ ಆ ಮೂಲೆಗೆ ಒಂದು ಬಾಟಲಿ ನೀರು ಸುರಿದು ಕೆಳಗೆ ಬಗ್ಗಿ ನೋಡಿ. ಚಕ್ರದ ಮುಂದೆ ಸರಾಗವಾಗಿ ಸುರಿಯಬೇಕು. ಜಪಾನಿನಲ್ಲಿದ್ದರೆ ಆ ಜಾಗದ ಫೋಟೋ ಕೆಳಗಿಂದ ತೆಗೆದು ಕಳಿಸಿ ಅಂತ ಏಜೆಂಟ್‌ಗೆ ಹೇಳಿ. ಆಗೋದಿಲ್ಲ ಅಂದರೆ ಏಜೆಂಟನ್ನೇ ಬದಲಾಯಿಸಿ.

ಎಂಜಿನ್‌ನಲ್ಲಿ ಮುಖ್ಯವಾಗಿ ನೋಡಬೇಕಾದ್ದು ಒಂದೇ. 1991ರ ಮಧ್ಯದವರೆಗಿನ 1.6 ಎಂಜಿನ್‌ಗಳಲ್ಲಿ ಕ್ರ್ಯಾಂಕ್‌ಶಾಫ್ಟಿನ ಮೂತಿ, ಅಂದರೆ ಪುಲ್ಲಿ ಕೂರುವ ಮುಂದಿನ ತುದಿ, ಗಿಡ್ಡ, ಅಲ್ಲಿ ಸವೆದರೆ ಪುಲ್ಲಿ ಅಲ್ಲಾಡುತ್ತದೆ. ಪುಲ್ಲಿಯಲ್ಲಿ 4 ಸೀಳು ಇದ್ದರೆ ಗಿಡ್ಡ ಮೂತಿ, 8 ಇದ್ದರೆ ನಂತರದ್ದು. ಎಂಜಿನ್ ಓಡುವಾಗ ವಿಡಿಯೊ ಕೇಳಿ, ಪುಲ್ಲಿ ಓಲಾಡದೆ ತಿರುಗುತ್ತಿದ್ದರೆ ಸಾಕು.

ಕಾರು ಕೊಂಡ ಮೇಲೆ ಜಪಾನಿನ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮೂಲಪ್ರತಿ ನಿಮ್ಮ ಕೈಗೆ ಬರಲೇಬೇಕು. ಮೊದಲ ನೋಂದಣಿಯ ವರ್ಷ, ತಿಂಗಳು ಅದರಲ್ಲೇ ಇರುವುದು. ಚಾಸಿ ನಂಬರ್ 17 ಅಂಕಿಯದಲ್ಲ, ಎನ್ಎ6ಸಿಇ ಅಂತ ಶುರುವಾಗುವ ಚಿಕ್ಕ ನಂಬರ್, ಗಾಬರಿಯಾಗಬೇಡಿ. ಕಾಗದದಲ್ಲಿರುವುದೂ ಬಾಡಿಯ ಮೇಲೆ ಕೊರೆದಿರುವುದೂ ಒಂದೇ ಆಗಿರಬೇಕು, ಅಷ್ಟೇ. ಹಡಗು ಬ್ರೆಮರ್‌ಹಾಫೆನ್‌ಗೆ ಬರುತ್ತದೆ, ಇಲ್ಲದಿದ್ದರೆ ರೊಟ್ಟರ್‌ಡ್ಯಾಮ್‌ಗೆ. ಸಾಗಣೆ ವಿಮೆ ಬಿಡಬೇಡಿ.

ಜರ್ಮನಿಯಲ್ಲಿ ವಾಹನ ಪರೀಕ್ಷಿಸುವ ಸಂಸ್ಥೆ ಟ್ಯೂಫ್. ಅದರ ತಪಾಸಣೆಗೆ ಮುಂಚೆ ಹೆಡ್‌ಲೈಟ್ ಬದಲಾಯಿಸಿ. ಜಪಾನಿನಲ್ಲಿ ಎಡಗಡೆ ಓಡಿಸುವುದರಿಂದ ಅಲ್ಲಿನ ಲೈಟಿನ ಬೆಳಕು ಜರ್ಮನಿಯಲ್ಲಿ ಎದುರಿನವರ ಕಣ್ಣಿಗೆ ಬೀಳುತ್ತದೆ. ಯುನೋಸ್‌ನದು 7 ಇಂಚಿನ ದುಂಡು ಲೈಟು, ಸುಲಭವಾಗಿ ಸಿಗುತ್ತದೆ. 1991ರಲ್ಲಿ ಅಥವಾ ಆಮೇಲೆ ಮೊದಲು ನೋಂದಣಿಯಾದ ಕಾರಾದರೆ ಹಿಂದೆ ಫಾಗ್ ಲೈಟೂ ಹಾಕಿಸಬೇಕು. ಟ್ಯೂಫ್‌ನಲ್ಲಿ ಎರಡು ವರದಿ ಕೇಳಿ: ಜರ್ಮನಿಯ ವಾಹನ ನಿಯಮದ (StVZO) 21ನೇ ಕಲಮಿನ ಪೂರ್ತಿ ತಪಾಸಣೆ, ಮತ್ತು ಹಳೇ ಕಾರಿಗೆ ಕೊಡುವ ಎಚ್ ನಂಬರ್ ಪ್ಲೇಟಿಗೆ 23ನೇ ಕಲಮಿನದು. ಎಚ್ ಸಿಕ್ಕರೆ ವರ್ಷದ ತೆರಿಗೆ 191.73 ಯೂರೊ, ಎಂಜಿನ್ ಎಷ್ಟೇ ದೊಡ್ಡದಿರಲಿ. ಈಚಿನ ಕಾಲದ ದೊಡ್ಡ ಚಕ್ರ, ಟರ್ಬೊ ಹಾಕಿದ ಕಾರಿಗೆ ಎಚ್ ಸಿಗುವುದು ಕಷ್ಟ.

ಬಲಗಡೆ ಸ್ಟೀರಿಂಗ್ ಹಾಗೇ ಇರಲಿ, ಬದಲಾಯಿಸಬೇಕಿಲ್ಲ. ನಮ್ಮೂರಲ್ಲಿ ಡ್ರೈವಿಂಗ್ ಕಲಿತವರಿಗೆ ಎಡಗೈಯಲ್ಲಿ ಗೇರ್ ಹಾಕುವುದು ಅಭ್ಯಾಸವೇ ತಾನೆ. ಹಳ್ಳಿ ರಸ್ತೆಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಎದುರು ಕಾಣುವುದಿಲ್ಲ, ಅಂತರ ಬಿಟ್ಟು ನಿಧಾನವಾಗಿ ಹೋಗಿ.

ಕೊನೆಗೆ ನೋಂದಣಿ ಕಚೇರಿ. ಖರೀದಿ ಬಿಲ್, ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮತ್ತು ಅದರ ಅನುವಾದ, ಕಸ್ಟಮ್ಸ್ ಪತ್ರ, ಟ್ಯೂಫ್ ವರದಿಗಳು, ವಿಮೆ ಇದೆ ಅನ್ನೋದಕ್ಕೆ ವಿಮೆಯವರು ಕೊಡುವ ಇಫೌಬೆ (eVB) ನಂಬರ್ ಎಲ್ಲ ತಗೊಂಡು ಹೋಗಿ. ಜಪಾನಿ ಪ್ಲೇಟಿನ ಜಾಗ ಅಗಲ ಕಡಿಮೆ, ಜರ್ಮನಿಯ ಉದ್ದ ಪ್ಲೇಟ್ ಸರಿಯಾಗಿ ಕೂರುವುದಿಲ್ಲ. ಎರಡು ಸಾಲಿನ ಪ್ಲೇಟ್ ಬೇಕು ಅಂತ ಕೌಂಟರಿನಲ್ಲೇ ಹೇಳಿ, ನಂಬರಿನಲ್ಲಿ ಅಕ್ಷರ ಕಡಿಮೆ ಇರುವ ಹಾಗೆ ಆರಿಸಿಕೊಳ್ಳಿ.