530ಡಿಗೆ ಮತ್ತೆ ರನ್‌ಫ್ಲ್ಯಾಟ್ ಟೈರ್: ನನ್ನ ಅನುಭವ

ನನ್ನ ಬಿಎಂಡಬ್ಲ್ಯೂ 530ಡಿ ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ರನ್‌ಫ್ಲ್ಯಾಟ್ (ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟೈರ್) ತೆಗೆಸಿ ಮಾಮೂಲಿ ಟೈರ್ ಹಾಕಿಸಿದ್ದರು. ಕಾರು ಮೆತ್ತಗೆ ಓಡುತ್ತಿತ್ತು, ನಿಜ. ಆದರೆ ಡಿಕ್ಕಿಯಲ್ಲಿ ಸ್ಟೆಪ್ನಿ ಇರಲಿಲ್ಲ. ಟೈರ್ ಅಳತೆ ಮುಂದೆ 245/45 ಆರ್18, ಹಿಂದೆ ಇನ್ನೂ ಅಗಲ, 275/40 ಆರ್18. ಅದೇ ಅಳತೆಯ ಸ್ಟೆಪ್ನಿ ಇಟ್ಟುಕೊಂಡರೂ ಮುಂದಕ್ಕೋ ಹಿಂದಕ್ಕೋ ಒಂದೇ ಕಡೆಗೆ ಆಗುತ್ತದೆ. ರಾತ್ರಿ ಹೊತ್ತು ಅಮ್ಮನನ್ನು ಕೂರಿಸಿಕೊಂಡು ಊರಿಂದ ಬರುವವನಿಗೆ ಇದು ಸಣ್ಣ ವಿಷಯ ಅಲ್ಲ.

ಟೈರ್ ಸವೆದಾಗ ನಾಲ್ಕಕ್ಕೂ ರನ್‌ಫ್ಲ್ಯಾಟ್ ಹಾಕಿಸಿದೆ. ದುಡ್ಡು ಜಾಸ್ತಿಯೇ ಆಯಿತು. ಕೊಳ್ಳುವಾಗ ಟೈರ್ ಪಕ್ಕದಲ್ಲಿ ಡಿಒಟಿ (DOT) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಲೇಬೇಕು: ಮೊದಲೆರಡು ತಯಾರಾದ ವಾರ, ಉಳಿದೆರಡು ವರ್ಷ. ಬೇಗ ಖರ್ಚಾಗದ ಸೈಜ್ ಅಂಗಡಿಯಲ್ಲೇ ಹಳೆಯದಾಗಿರಬಹುದು.

ಸೈಡ್‌ವಾಲನ್ನು, ಅಂದರೆ ಟೈರ್ ಪಕ್ಕದ ಗೋಡೆಯನ್ನು, ಹೆಬ್ಬೆರಳಿಂದ ಅದುಮಿ ನೋಡಿದೆ, ಜಗ್ಗಲೇ ಇಲ್ಲ. ಗಾಳಿ ಹೋದಾಗ ಕಾರಿನ ಭಾರ ಹೊರುವುದು ಈ ದಪ್ಪ ಗೋಡೆಯೇ. ರಿಮ್‌ಗೆ ಕೂರಿಸುವಾಗಲೂ ಹಟ ಮಾಡುತ್ತದೆ. ಹಾಗಾಗಿ ಟೈರನ್ನು ಒತ್ತಿ ಹಿಡಿಯುವ ಇನ್ನೊಂದು ತೋಳಿರುವ ಮಷಿನ್ ಇದ್ದ ಅಂಗಡಿಗೇ ಹೋದೆ.

ಓಡಿಸಿದಾಗ ವ್ಯತ್ಯಾಸ ತಕ್ಷಣ ಗೊತ್ತಾಯಿತು. ವೈಟ್ ಟಾಪಿಂಗ್ (ಕಾಂಕ್ರೀಟ್ ಹಾಕಿದ) ರಸ್ತೆಯ ಜಾಯಿಂಟ್‌ಗಳು ಟಕ್ ಟಕ್ ಅಂತ ಸೀಟಿಗೇ ಬರುತ್ತವೆ. ಹಂಪ್ ಮೇಲೆ ಹುಷಾರಾಗಿ ಹೋಗಬೇಕು. ಗುಂಡಿಗೆ ಬಿದ್ದರೆ ರಿಮ್ ಬಾಗುವುದು ಇದರಲ್ಲೂ ತಪ್ಪಿದ್ದಲ್ಲ. ಬರೀ ಊರೊಳಗೆ ಓಡಿಸುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಒಂದು ರಾತ್ರಿ ಬೆಂಗಳೂರಿನ ನೈಸ್ ರಸ್ತೆಯಲ್ಲಿ, ಕನಕಪುರ ರಸ್ತೆ ದಾಟಿದ ಮೇಲೆ, ಡ್ಯಾಶ್‌ಬೋರ್ಡಲ್ಲಿ ಗಾಳಿ ಕಮ್ಮಿಯಾಗಿದೆ ಅಂತ ತೋರಿಸುವ ಟೈರ್ ಲೈಟ್ ಬಂತು. ಸ್ಟೀರಿಂಗಲ್ಲಿ ಏನೂ ಗೊತ್ತಾಗಲಿಲ್ಲ. ಆ ಲೈಟ್ ಇಲ್ಲದ ಕಾರಿಗೆ ರನ್‌ಫ್ಲ್ಯಾಟ್ ಹಾಕಿಸಬಾರದು ಅನ್ನುವುದು ಇದಕ್ಕೇ. ಗಾಳಿ ಇಲ್ಲದೆ ಸಾಮಾನ್ಯವಾಗಿ 80 ಕಿ.ಮೀ. ವೇಗದೊಳಗೆ ಸುಮಾರು 80 ಕಿ.ಮೀ. ದೂರ ಹೋಗಬಹುದು. ನಾನು ಅದಕ್ಕಿಂತ ನಿಧಾನಕ್ಕೆ ಮನೆ ತಲುಪಿದೆ. ಅಮ್ಮನಿಗೆ ಎಚ್ಚರವೂ ಆಗಲಿಲ್ಲ.

ಮಾರನೇ ದಿನ ಹಿಂದಿನ ಟೈರ್ ಬಿಚ್ಚಿಸಿದೆ. ಟ್ರೆಡ್‌ನಲ್ಲಿ, ಅಂದರೆ ರಸ್ತೆಗೆ ತಾಗುವ ಭಾಗದಲ್ಲಿ, ಒಂದೇ ಮೊಳೆ. ಒಳಗೆ ನೋಡಿದರೆ ಸೈಡ್‌ವಾಲ್ ಉದ್ದಕ್ಕೂ ಉಜ್ಜಿದ ಗುರುತು, ಕೈಗೆ ರಬ್ಬರ್ ಪುಡಿ. ಪಂಕ್ಚರ್ ಹಾಕಿ ಕೊಡ್ತೀನಿ ಸಾರ್ ಅಂದರು ಅಂಗಡಿಯವರು. ಬೇಡ ಅಂದೆ. ಗಾಳಿಯಿಲ್ಲದೆ ಓಡಿದ ಟೈರ್ ಒಳಗೆ ಎಷ್ಟು ಸೊರಗಿದೆ ಅಂತ ಹೊರಗಿಂದ ಹೇಳಲಾಗದು. ಹಿಂದಿನ ಜೋಡಿಯನ್ನೇ ಬದಲಾಯಿಸಿದೆ, ಮತ್ತೆ ರನ್‌ಫ್ಲ್ಯಾಟನ್ನೇ.