ಕಲ್ಲು, ಕಾಗದ, ಮಾತು: ನಮ್ಮ ಸೀಮೆಯ ಯುದ್ಧಗಳಲ್ಲಿ ಹೆಣ್ಣಿನ ಪಾತ್ರವನ್ನು ಹುಡುಕುವ ಬಗೆ

ಯುದ್ಧ ಮತ್ತು ಮಹಿಳೆ ಎಂಬ ವಿಷಯದ ಮೇಲೆ ಕಿರುಪ್ರಬಂಧ ಬರೆಯಲು ಹೊರಡುವ ವಿದ್ಯಾರ್ಥಿಗಳು ಸಾಮಾನ್ಯವಾಗಿ ಒನಕೆ ಓಬವ್ವನಿಂದ ಆರಂಭಿಸಿ, ಕಿತ್ತೂರು ಚೆನ್ನಮ್ಮನನ್ನು ಹಾದು, ಯುದ್ಧವಿಮಾನದ ಪೈಲಟ್‌ಗಳಲ್ಲಿ ಮುಗಿಸುತ್ತಾರೆ. ಹೀಗೆ ಬರೆದಾಗ, ಮನೆಯೊಳಗಿದ್ದ ಹೆಣ್ಣು ಕಾಲ ಸರಿದಂತೆ ಮೆಲ್ಲಗೆ ರಣರಂಗಕ್ಕೆ ಬಂದಳು ಎಂಬ ನೇರ ಗೆರೆಯ ಕಥೆ ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಮೈಸೂರು, ಮಂಡ್ಯ ಜಿಲ್ಲೆಗಳಲ್ಲಿ ಕೈಗೆ ಸಿಗುವ ಆಧಾರಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ಆ ಗೆರೆ ನಿಲ್ಲುವುದಿಲ್ಲ. ಹೆಣ್ಣು ಯುದ್ಧದಲ್ಲಿ ಎಂದೂ ಇದ್ದಳು. ಅವಳ ಪಾಲು ಯಾರ ಹೆಸರಿನ ಲೆಕ್ಕದಲ್ಲಿ ಬರೆಯಲ್ಪಟ್ಟಿತು ಎಂಬುದಷ್ಟೇ ಕಾಲದಿಂದ ಕಾಲಕ್ಕೆ ಬದಲಾಗಿದೆ. ಹುಡುಕಾಟದ ಉದ್ದಕ್ಕೂ ಈ ಒಂದು ಪ್ರಶ್ನೆಯನ್ನು ಕೈಬಿಡದಿದ್ದರೆ ಕೆಲಸ ಸುಲಭವಾಗುತ್ತದೆ.

ಮೊದಲು ಊರಿನ ಕಲ್ಲುಗಳಿಗೆ ಹೋಗಿ. ಕೆರೆ ಏರಿಯ ಮೇಲೆ, ಹಳೆಯ ದೇವಸ್ಥಾನದ ಹಿಂದೆ, ಊರಬಾಗಿಲಿನ ಬಳಿ ವೀರಗಲ್ಲುಗಳು ನಿಂತಿರುತ್ತವೆ. ಬೆಳಗಿನ ಓರೆ ಬಿಸಿಲು ಬೀಳುವ ಹೊತ್ತಿಗೆ ಅಲ್ಲಿರಬೇಕು. ನಡುಮಧ್ಯಾಹ್ನದಲ್ಲಿ ಕೆತ್ತನೆಯ ನೆರಳು ಸತ್ತು ಕಲ್ಲು ಬರಿಯ ಚಪ್ಪಡಿಯಂತೆ ಕಾಣುತ್ತದೆ. ಮೋಡವಿದ್ದ ದಿನ ಮೊಬೈಲಿನ ಟಾರ್ಚನ್ನು ಪಕ್ಕದಿಂದ ಹಿಡಿದರೂ ಸಾಕು. ಸುಣ್ಣದ ಪುಡಿ, ಎಣ್ಣೆ, ತಂತಿಯ ಬ್ರಷ್ ಯಾವುದನ್ನೂ ಕಲ್ಲಿಗೆ ತಾಕಿಸಬಾರದು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯ ಚಂದ್ರರು. ನಡುವಿನ ಪಟ್ಟಿಕೆಯ ಹೆಣ್ಣುಗಳನ್ನು ಕಂಡು ಹಿಗ್ಗಿ ಪಟ್ಟಿ ಮಾಡಬೇಡಿ. ಅವರು ಶಿಲ್ಪಿ ಕರೆತಂದವರು, ಊರಿನವರಲ್ಲ.

ಊರಿನ ಹೆಣ್ಣು ಕಾಣುವುದು ಪಕ್ಕದ ಮಾಸ್ತಿಕಲ್ಲಿನಲ್ಲಿ. ಕಂಬದಿಂದ ಹೊರಟಂತೆ ಕೆತ್ತಿದ, ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ, ಬಳೆ ತೊಟ್ಟ ಒಂದು ತೋಳು, ಅಂಗೈಯಲ್ಲಿ ಹಲವು ಕಡೆ ಒಂದು ನಿಂಬೆಹಣ್ಣು. ಗಂಡನ ಚಿತೆಯೇರಿದವಳು ಮುತ್ತೈದೆಯಾಗಿಯೇ ಹೋದಳು ಎಂದು ಆ ಬಳೆಗಳು ಹೇಳುತ್ತವೆ. ಅವಳು ಮನಸ್ಸಿನಿಂದ ಹೋದಳೋ, ಬಂಧುಗಳ ಒತ್ತಾಯಕ್ಕೆ ಹೋದಳೋ ಎಂಬುದನ್ನು ಕಲ್ಲು ಹೇಳುವುದಿಲ್ಲ. ಆದ್ದರಿಂದ ನೀವೂ ಹೇಳಬಾರದು. ಎಲ್ಲ ಮಾಸ್ತಿಕಲ್ಲುಗಳೂ ಯುದ್ಧಕ್ಕೆ ಸೇರಿದವಲ್ಲ ಎಂಬುದನ್ನೂ ನೆನಪಿಡಬೇಕು. ಒಂದೇ ಚಪ್ಪಡಿಯಲ್ಲಿ ಕಾಳಗದ ಚಿತ್ರವೂ ಎತ್ತಿದ ತೋಳೂ ಕೂಡಿರುವ ವೀರಮಾಸ್ತಿಕಲ್ಲನ್ನು ಮಾತ್ರ ಧೈರ್ಯವಾಗಿ ಯುದ್ಧದ ಲೆಕ್ಕಕ್ಕೆ ಹಿಡಿಯಬಹುದು. ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ನಾನು ಅರಿಶಿನ ಕುಂಕುಮ ಮೆತ್ತಿದ, ಸೀರೆ ಉಡಿಸಿದ ಕಲ್ಲೊಂದನ್ನು ಗ್ರಾಮದೇವತೆ ಎಂದು ಬರೆದುಕೊಂಡು ಬಂದಿದ್ದೆ. ಊರಿನವರು ಅದನ್ನು ಮಾಸ್ತಮ್ಮ ಎನ್ನುತ್ತಿದ್ದುದನ್ನು ಕಿವಿಯಲ್ಲಿ ಕೇಳಿಯೂ ಅರ್ಥ ಮಾಡಿಕೊಂಡಿರಲಿಲ್ಲ. ಎರಡನೆಯ ಸಲ ಹೋದಾಗ ಪೂಜೆಯವರು ಸೀರೆ ಬದಲಿಸುತ್ತಿದ್ದರು. ಆಗ ತೋಳು ಕಂಡಿತು. ಜನ ಕರೆಯುವ ಹೆಸರನ್ನು ಮೊದಲು ಬರೆದುಕೊಳ್ಳಬೇಕೆಂಬ ಪಾಠ ನನಗೆ ಅಲ್ಲಿ ಆಯಿತು.

ಅಕ್ಷರವಿರುವ ಕಲ್ಲಾದರೆ, ಮಾನಸಗಂಗೋತ್ರಿಯ ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ ತಾಲ್ಲೂಕುವಾರು ಪ್ರಕಟಿಸಿರುವ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳಲ್ಲಿ ಅದರ ಪಾಠವನ್ನು ಹುಡುಕಿ. ಓದುವಾಗ ಮೂರು ಮಾತುಗಳ ಮೇಲೆ ಕಣ್ಣಿಡಬೇಕು: ತುರುಗೋಳ್, ಊರಳಿವು, ಪೆಣ್ಬುಯ್ಯಲ್. ದನ ಹಿಡಿದದ್ದು, ಊರು ಹಾಳಾದದ್ದು, ಹೆಣ್ಣುಮಕ್ಕಳ ಮೇಲೆ ಕೈಮಾಡಿದಾಗ ಎದ್ದ ಕೂಗು, ಇವು ವೀರನು ಕಾದಿ ಸತ್ತದ್ದಕ್ಕೆ ಶಾಸನಗಳು ಕೊಡುವ ಕಾರಣಗಳು. ಇಲ್ಲಿ ಹೆಣ್ಣು ಕಾಳಗದ ಕಾರಣವಾಗಿ ಇದ್ದಾಳೆ, ಹೆಸರಿನಿಂದ ಇಲ್ಲ. ಸತ್ತವನ ಮನೆಯವರಿಗೆ ಕೊಟ್ಟ ನೆತ್ತರುಗೊಡಗೆಯ ಭೂಮಿಯನ್ನು ಆಮೇಲೆ ಉಳಿಸಿಕೊಂಡವರಲ್ಲಿ ಅವನ ಹೆಂಡತಿಯೂ ತಾಯಿಯೂ ಇದ್ದಿರಬಹುದು. ಆದರೆ ದಾನವು ಸತ್ತವನ ಲೆಕ್ಕದಲ್ಲಿಯೇ ನಿಲ್ಲುತ್ತದೆ. ಮದ್ದೂರು ತಾಲ್ಲೂಕಿನ ಆತಕೂರಿನ ಹತ್ತನೆಯ ಶತಮಾನದ ಶಾಸನ ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧವನ್ನು ಹೇಳುತ್ತ, ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ಬೇಟೆನಾಯಿಯ ಹೆಸರನ್ನು ಉಳಿಸಿಕೊಟ್ಟಿದೆ. ಎಷ್ಟೋ ಮಾಸ್ತಿಕಲ್ಲುಗಳಲ್ಲಿ ಹೆಣ್ಣಿನ ಹೆಸರಿಲ್ಲದಿರುವುದನ್ನು ಈ ಕಲ್ಲಿನ ಪಕ್ಕದಲ್ಲಿಟ್ಟು ನೋಡಬೇಕೆನಿಸುತ್ತದೆ.

ಇಷ್ಟನ್ನು ನೋಡಿ ಹೆಣ್ಣು ಆಗ ಕತ್ತಿ ಹಿಡಿಯಲೇ ಇಲ್ಲವೆಂದು ತೀರ್ಮಾನಿಸುವ ಮುನ್ನ, ಕೃಷ್ಣರಾಜಪೇಟೆಯಿಂದ ದೂರವಲ್ಲದ ಶ್ರವಣಬೆಳಗೊಳಕ್ಕೆ ಒಮ್ಮೆ ಹೋಗಿಬನ್ನಿ. ಅಲ್ಲಿಯ ಹತ್ತನೆಯ ಶತಮಾನದ ಒಂದು ವೀರಗಲ್ಲಿನಲ್ಲಿ ಸಾವಿಯಬ್ಬೆ ಎಂಬ ಜೈನ ಶ್ರಾವಕಿ ಕುದುರೆಯ ಮೇಲೆ ಕತ್ತಿಯೆತ್ತಿ, ಆನೆಯ ಮೇಲಿದ್ದವನನ್ನು ಎದುರಿಸುತ್ತಿದ್ದಾಳೆ. ಗಂಡನ ಜೊತೆ ಕಾಳಗಕ್ಕೆ ಹೋಗಿ ಮಡಿದವಳು ಅವಳು. ನೇರ ಗೆರೆಯ ಕಥೆಯನ್ನು ಮುರಿಯಲು ಈ ಒಂದು ಕಲ್ಲು ಸಾಕು.

ಕಾಗದದ ಆಧಾರಕ್ಕೆ ಶ್ರೀರಂಗಪಟ್ಟಣವೇ ಸರಿ. ಟಿಪ್ಪುವಿನ ಬೇಸಿಗೆ ಅರಮನೆಯಾದ ದರಿಯಾ ದೌಲತ್‌ನ ಗೋಡೆಯ ಮೇಲಿನ 1780ರ ಪೊಲ್ಲಿಲೂರು ಯುದ್ಧದ ಚಿತ್ರದ ಮುಂದೆ ಪ್ರವಾಸಿಗರು ಗಂಟೆಗಟ್ಟಲೆ ನಿಲ್ಲುತ್ತಾರೆ. ಆದರೆ ಆ ಕಾಲದ ಯುದ್ಧ ಅಲ್ಲಿಯ ಕುದುರೆ ಸಾಲಿನಲ್ಲಿ ಮಾತ್ರ ನಡೆಯುತ್ತಿರಲಿಲ್ಲ. ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಲಕ್ಷ್ಮಮ್ಮಣ್ಣಿ, ಗಂಡ ತೀರಿಕೊಂಡ 1766ರ ನಂತರ ದಶಕಗಳ ಕಾಲ ಹೈದರಾಲಿ ಮತ್ತು ಟಿಪ್ಪುವಿನ ಕಣ್ಗಾವಲಿನ ನಡುವೆಯೇ, ಪ್ರಧಾನ್ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ವ್ಯವಹಾರ ನಡೆಸಿದರು. 1782ರಲ್ಲಿ ಅವರ ಪರವಾಗಿ ಒಪ್ಪಂದವೂ ಆಯಿತು. 1799ರ ಮೇ 4ರಂದು ಕೋಟೆ ಬಿದ್ದು, ಜೂನ್ 30ರಂದು ಇನ್ನೂ ಐದು ವರ್ಷ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾದಾಗ ಆ ವ್ಯವಹಾರ ಫಲ ಕೊಟ್ಟಿತು. ರಾಣಿಯದು ದೇಶಭಕ್ತಿಯೋ ದ್ರೋಹವೋ ಎಂಬ ವಾದ ನಮ್ಮ ಸೀಮೆಯಲ್ಲಿ ಇನ್ನೂ ಬಿಸಿಯಾಗಿಯೇ ಇದೆ. ನಿಮ್ಮ ಪ್ರಬಂಧ ಆ ವಾದಕ್ಕೆ ಇಳಿಯಬೇಕಿಲ್ಲ. ರಾಯಭಾರವೂ ಯುದ್ಧದ ಕೆಲಸವೇ ಎಂಬುದನ್ನು ಮಾತ್ರ ತಾರೀಖುಗಳ ಸಮೇತ ತೋರಿಸಿದರೆ ಸಾಕು.

ಇನ್ನೊಂದು ಬದಿಯಲ್ಲಿ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಸೈನ್ಯದ ಜೊತೆ ಸಾಗುತ್ತಿದ್ದ ಬಂಜಾರರನ್ನು ನೋಡಿ. ಅವರ ತಾಂಡಾ ಹೆಂಗಸರು ಮಕ್ಕಳ ಸಮೇತ ನಡೆಯುತ್ತಿತ್ತು. 1791ರ ಮೇ ತಿಂಗಳಿನಲ್ಲಿ ಕಾಳಗ ಗೆದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸ್, ಮೇವು ದವಸವಿಲ್ಲದೆ ಎತ್ತುಗಳು ಸತ್ತದ್ದರಿಂದ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಮಾಡಿ ಶ್ರೀರಂಗಪಟ್ಟಣದಿಂದ ಹಿಂತಿರುಗಬೇಕಾಯಿತು. ಒಂದು ಸೇರು ಅಕ್ಕಿಯ ಬೆಲೆ ಆಗ ಏನೆಂದು ಇದರಿಂದ ತಿಳಿಯುತ್ತದೆ. ಓಬವ್ವನ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಅದು ಜನರ ನೆನಪು ಕಾಪಾಡಿದ ಕಥೆ, ಹಾಗೆಂದೇ ಬರೆಯಿರಿ. ಅವಳ ಒನಕೆಗೆ ಸಿಕ್ಕವರು ನಮ್ಮ ಕಡೆಯಿಂದ ಹೋದ ಹೈದರನ ಸಿಪಾಯಿಗಳು ಎಂಬುದನ್ನು ಮೈಸೂರಿನಲ್ಲಿ ಕುಳಿತು ಬರೆಯುವವರು ಮರೆಯುವುದುಂಟು.

ಈಚಿನ ಕಾಲಕ್ಕೆ ಹೆಚ್ಚು ಪುಟ ಬೇಕಾಗಿಲ್ಲ, ಏಕೆಂದರೆ ಎಲ್ಲವೂ ತಾರೀಖಿನೊಂದಿಗೆ ಸಿಗುತ್ತದೆ. 1888ರಲ್ಲಿ ಸೇನಾ ಆಸ್ಪತ್ರೆಗಳಿಗೆ ದಾದಿಯರು ಬಂದರು, 1943ರಲ್ಲಿ ಆಜಾದ್ ಹಿಂದ್ ಫೌಜಿನಲ್ಲಿ ಝಾನ್ಸಿ ರಾಣಿ ರೆಜಿಮೆಂಟ್ ಕಟ್ಟಲ್ಪಟ್ಟಿತು, 1992ರಿಂದ ವೈದ್ಯಕೀಯವಲ್ಲದ ವಿಭಾಗಗಳಿಗೂ ಮಹಿಳಾ ಅಧಿಕಾರಿಗಳು ಸೇರಿದರು, 2016ರಲ್ಲಿ ಮೂವರು ಯುದ್ಧವಿಮಾನ ಪೈಲಟ್‌ಗಳಾದರು, 2020ರಲ್ಲಿ ಸುಪ್ರೀಂ ಕೋರ್ಟು ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೂ ಕಾಯಂ ಕಮಿಷನ್ (ನಿವೃತ್ತಿಯವರೆಗಿನ ಹುದ್ದೆ) ಕೊಡಬೇಕೆಂದಿತು, 2021ರಲ್ಲಿ ಬೆಂಗಳೂರಿನ ಮಿಲಿಟರಿ ಪೊಲೀಸ್ ಕೇಂದ್ರದಿಂದ 83 ಮಹಿಳಾ ಯೋಧರ ಮೊದಲ ತಂಡ ಹೊರಬಂದಿತು. ನೆತ್ತರುಗೊಡಗೆ ಗಂಡನ ಸಾವಿನ ಲೆಕ್ಕದಲ್ಲಿತ್ತು; ಇಲ್ಲಿ ಸಂಬಳ, ದರ್ಜೆ, ಪಿಂಚಣಿ ಅವಳದೇ ಹೆಸರಿನಲ್ಲಿವೆ. ಬದಲಾವಣೆ ಎಂದು ಬರೆಯಬೇಕಾದದ್ದು ಇದನ್ನು.

ಕೊನೆಯ ಆಧಾರ ಮಾತು. ಮಾಜಿ ಸೈನಿಕರಿರುವ ಊರಿಗೆ ಹೋದಾಗ ಅವರ ಮನೆಯ ಹಿರಿಯ ಹೆಂಗಸರನ್ನು ಬೇರೆಯಾಗಿ, ಬಿಡುವಾದ ಹೊತ್ತಿನಲ್ಲಿ ಮಾತನಾಡಿಸಿ, ಒಪ್ಪಿಗೆ ಕೇಳಿಯೇ ಧ್ವನಿಮುದ್ರಣ ಮಾಡಿ. ಗಂಡಸರು ಪಕ್ಕದಲ್ಲಿದ್ದರೆ ಉತ್ತರವನ್ನು ಅವರೇ ಹೇಳಿಬಿಡುತ್ತಾರೆ. ‘ಯುದ್ಧದಲ್ಲಿ ನಿಮ್ಮ ಪಾತ್ರವೇನು’ ಎಂದು ನಾನು ಕೇಳಿದ್ದಕ್ಕೆ ಒಬ್ಬ ಅಜ್ಜಿ, ‘ನಾನೇನ್ ಯುದ್ಧ ಮಾಡಿದ್ನಾ ಮಗ’ ಎಂದು ನಕ್ಕು ಎಲೆಅಡಿಕೆ ಚೀಲ ಬಿಚ್ಚಿದರು. ಆಮೇಲೆ ಪ್ರಶ್ನೆಯನ್ನು ಬದಲಿಸಿ, ‘ಎಪ್ಪತ್ತೊಂದರ ಯುದ್ಧದ ವರ್ಷ ಗದ್ದೆಗೆ ನೀರು ಕಟ್ಟಿದವರು ಯಾರು ಅಜ್ಜಿ’ ಎಂದೆ. ‘ಇನ್ಯಾರು ಕಟ್ಟಾರು, ನಾನೇಯ. ರಾತ್ರಿ ಪಾಳಿ ನೀರು, ಸೊಂಟದಲ್ಲಿ ಕೂಸು, ಕೈಲಿ ಲಾಟೀನು’ ಎಂದು ಶುರುಮಾಡಿದವರು ಕಬ್ಬಿನ ಗಾಡಿ, ಮನಿಯಾರ್ಡರ್, ಕಾಗದ ಓದಿಸಲು ಮೇಷ್ಟ್ರ ಮನೆಗೆ ನಡೆದದ್ದು ಎಲ್ಲವನ್ನೂ ಹೇಳಿದರು. ಇಂಥ ಮಾತನ್ನು ಗ್ರಂಥಭಾಷೆಗೆ ತಿದ್ದದೆ, ಹೇಳಿದ ದಿನಾಂಕ ಮತ್ತು ಊರಿನ ಸಮೇತ ಹಾಗೆಯೇ ಬರೆದಿಡಿ.