ಬೆಲ್ಲದ ಪುಡಿಗೆ ಹಲಾಲ್ ಪ್ರಮಾಣಪತ್ರ ಪಡೆದ ಬಗೆ

ಮಂಡ್ಯದ ಸಮೀಪದ ನಮ್ಮ ಘಟಕದಲ್ಲಿ ಏಲಕ್ಕಿ ಪರಿಮಳದ ಬೆಲ್ಲದ ಪುಡಿ ತಯಾರಾಗುತ್ತದೆ. ಅದರ ಗುಣಮಟ್ಟದ ಹೊಣೆ ನನ್ನದು. ಇಂಡೋನೇಷ್ಯಾದ ಖರೀದಿದಾರರು ಹಲಾಲ್ ಪ್ರಮಾಣಪತ್ರ ಕೇಳಿದಾಗ, ಕಬ್ಬಿನ ಹಾಲಿನಿಂದಾದ ಪದಾರ್ಥಕ್ಕೆ ಅದೇಕೆ ಬೇಕು ಎಂದು ಆಲೆಮನೆಯವರು ಕೇಳಿದ್ದು ಸಹಜವೇ ಆಗಿತ್ತು.

ನಮ್ಮ ದೇಶದಲ್ಲಿ ಆಹಾರ ತಯಾರಿಕೆಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಡಿ ಪರವಾನಗಿ ಬೇಕೇ ಹೊರತು ಹಲಾಲ್ ಪ್ರಮಾಣಪತ್ರ ಕಡ್ಡಾಯವಲ್ಲ. ವಿದೇಶ ವ್ಯಾಪಾರ ಮಹಾನಿರ್ದೇಶನಾಲಯವು 2023ರಲ್ಲಿ ತಂದ ನಿಯಮ ಹಲಾಲ್ ಎಂದು ರಫ್ತಾಗುವ ಮಾಂಸ ಮತ್ತು ಮಾಂಸೋತ್ಪನ್ನಗಳಿಗೆ ಸಂಬಂಧಿಸಿದ್ದು. ಇಂಡೋನೇಷ್ಯಾದಲ್ಲಾದರೋ 2014ರ 33ನೇ ಕಾನೂನು ಮಾರುಕಟ್ಟೆಗೆ ಬರುವ ಆಹಾರಕ್ಕೆಲ್ಲ ಅನ್ವಯಿಸುತ್ತದೆ. ಆಮದು ಆಹಾರಕ್ಕೆ 2026ರ ಅಕ್ಟೋಬರ್ ಗಡುವು. ಆದ್ದರಿಂದ ಅಲ್ಲಿನ ಹಲಾಲ್ ಪ್ರಾಧಿಕಾರವಾದ ಬಿಪಿಜೆಪಿಎಚ್ ಮಾನ್ಯ ಮಾಡಿರುವ ಭಾರತೀಯ ಸಂಸ್ಥೆ ಯಾವುದು, ಆ ಮಾನ್ಯತೆ ನಮ್ಮ ಬಗೆಯ ಪದಾರ್ಥಕ್ಕೂ ಇದೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಂಡೆ. ಶುಲ್ಕದ ವಿಚಾರ ಆಮೇಲಿನದು.

ಅರ್ಜಿ ತುಂಬುವುದು ಸುಲಭ. ಕೊಪ್ಪರಿಗೆಗೆ ಬೀಳುವ ಪ್ರತಿಯೊಂದು ವಸ್ತುವಿನ ಮೂಲವನ್ನು ಕಾಗದದಲ್ಲಿ ತೋರಿಸುವುದೇ ನಿಜವಾದ ಕೆಲಸ. ಕೊಳೆ ತೆಗೆಯಲು ಬಳಸುವ ಬೆಂಡೆಯ ಲೋಳೆ, ಸುಣ್ಣ, ಪಾಕ ಉಕ್ಕದಂತೆ ಬಿಡುವ ಹರಳೆಣ್ಣೆ ಇವುಗಳಲ್ಲಿ ತೊಡಕಿರಲಿಲ್ಲ. ತೊಡಕಾದದ್ದು ಏಲಕ್ಕಿ ಪರಿಮಳದ ದ್ರಾವಣದಲ್ಲಿದ್ದ ಗ್ಲಿಸರಿನ್. ಅದನ್ನು ತಾಳೆ ಎಣ್ಣೆಯಿಂದಲೂ ಪ್ರಾಣಿಗಳ ಕೊಬ್ಬಿನಿಂದಲೂ ತೆಗೆಯುತ್ತಾರೆ. ಎರಡರಿಂದ ಬಂದದ್ದೂ ರಾಸಾಯನಿಕವಾಗಿ ಒಂದೇ ವಸ್ತುವಾದ್ದರಿಂದ ಸಾಮಾನ್ಯ ಶುದ್ಧತೆಯ ಪರೀಕ್ಷಾ ವರದಿಯಿಂದ ಮೂಲ ತಿಳಿಯುವುದಿಲ್ಲ. ಪೂರೈಕೆದಾರರು ಮೊದಲು ಕಳಿಸಿದ ಪತ್ರದಲ್ಲಿ ಆಹಾರಕ್ಕೆ ಯೋಗ್ಯ ಎಂದಷ್ಟೇ ಇತ್ತು. ಗ್ಲಿಸರಿನ್ ತಯಾರಿಸಿದವರಿಂದಲೇ, ಬ್ಯಾಚ್ ಸಂಖ್ಯೆ ಸಹಿತ, ಸಸ್ಯಮೂಲದ್ದೆಂಬ ಲಿಖಿತ ಹೇಳಿಕೆ ಬರುವವರೆಗೆ ಆ ದ್ರಾವಣವನ್ನು ಉಗ್ರಾಣದಲ್ಲಿ ಬೇರೆಯೇ ಇರಿಸಿದೆ.

ಪರಿಶೀಲನೆಗೆ ಬಂದವರು ಪಾಕಕ್ಕಿಂತ ಹೆಚ್ಚು ಹೊತ್ತು ಯಂತ್ರಗಳ ಬಳಿ ನಿಂತರು. ಜರಡಿ ಯಂತ್ರದ ಬೇರಿಂಗಿಗೆ ಹಾಕುವ ಗ್ರೀಸಿನ ಡಬ್ಬಿಯನ್ನು ತರಿಸಿ ವಿವರ ಓದಿದರು. ತಟ್ಟೆಗಳ ಅಂಚಿನ ಪುಡಿ ಗುಡಿಸುವ ಬ್ರಷ್ಷಿನಿಂದ ಒಂದು ಎಳೆ ಕಿತ್ತು ಬೆಂಕಿಗೆ ಹಿಡಿದರು: ಕೂದಲು ಸುಟ್ಟ ವಾಸನೆ ಬಂದರೆ ಅದು ಪ್ರಾಣಿಯ ಕೂದಲು, ಹಂದಿಯದೂ ಇರಬಹುದು, ನೈಲಾನ್ ಆದರೆ ಕರಗಿ ಉಂಡೆಗಟ್ಟುತ್ತದೆ. ನಮ್ಮದು ಉಂಡೆಗಟ್ಟಿತು. ಇಷ್ಟು ಸೂಕ್ಷ್ಮವಾಗಿ ನೋಡುವುದು ನ್ಯಾಯವೆಂದೇ ನನ್ನ ಅಭಿಪ್ರಾಯ, ಏಕೆಂದರೆ ನಂಬಿ ತಿನ್ನುವವರಿಗೆ ಇವನ್ನೆಲ್ಲ ನೋಡುವ ಅವಕಾಶವೇ ಇರುವುದಿಲ್ಲ.

ಇಲ್ಲಿ ಪತ್ರ ಸಿಕ್ಕ ಮೇಲೆ ಅದನ್ನು ಬಿಪಿಜೆಪಿಎಚ್‌ನಲ್ಲಿ ನೋಂದಾಯಿಸುವ ಕೆಲಸ ಅಲ್ಲಿನ ಆಮದುದಾರರದು. ನೋಂದಣಿ ಆಗುವ ಮೊದಲೇ ಪೊಟ್ಟಣಕ್ಕೆ ಗುರುತು ಮುದ್ರಿಸಬಾರದೆಂದು ಮುದ್ರಣಾಲಯಕ್ಕೆ ಲಿಖಿತವಾಗಿ ತಿಳಿಸಿದ್ದೆ. ಈಗ ಪರಿಮಳದ ದ್ರಾವಣವನ್ನು ಬೇರೆ ಕಡೆಯಿಂದ ತರಿಸುವುದಾದರೆ, ಖರೀದಿ ಆದೇಶಕ್ಕೆ ನಾನು ಸಹಿ ಹಾಕುವ ಮುನ್ನ ಹೊಸ ಮೂಲಪತ್ರ ಪ್ರಮಾಣೀಕರಣ ಸಂಸ್ಥೆಗೆ ತಲುಪಿರಬೇಕು.